ಒಂದಗುಳಿನ ಸಾಕ್ಷ್ಯ

ಕಳೆದ ಆಷಾಢದಲ್ಲಿ ಒಂದು ಸಂಜೆ, ನಮ್ಮ ಹಳೆಯ ಶಿಷ್ಯನೊಬ್ಬನ ತಾಯಿಯು ನಾಲ್ಕು ನಿಂಬೆಯ ಹಣ್ಣುಗಳನ್ನು ಸೆರಗಿನಲ್ಲಿ ಕಟ್ಟಿಕೊಂಡು ನಮ್ಮ ಮನೆಗೆ ಬಂದರು. ನಮ್ಮ ಗೃಹಿಣಿಯು ಕೊಟ್ಟ ಕಾಫಿಯನ್ನು ಕುಡಿದು, ಮಳೆ ಬೆಳೆಯ ಸಮಾಚಾರವನ್ನು ಮುಗಿಸಿ, ಕೊನೆಗೆ ಬಂದ ಕಾರ್ಯವನ್ನು ಹೇಳಿದರು.

“ಮೇಷ್ಟ್ರೇ, ನನ್ನ ಮಗನಿಗೆ ನೀವಾದರೂ ಒಂದು ಬುದ್ಧಿಯ ಮಾತು ಹೇಳಬೇಕು. ಮೂವತ್ತಮೂರು ವರುಷ ತುಂಬಿತು. ಹೆಣ್ಣಿನ ಕಡೆಯವರು ಹುಡುಗನಿಗೆ ಏನು ಕೆಲಸ ಎಂದು ಕೇಳಿದರೆ ನಾನು ಏನು ಹೇಳಲಿ? ಯಾರಿಗೆ ಓಟು ಹಾಕುತ್ತೀರಿ ಎಂದು ಮನೆಮನೆಯ ಬಾಗಿಲಲ್ಲಿ ನಿಂತು ಕೇಳಿಕೊಂಡು ಬರುತ್ತಾನೆ ಎನ್ನಲೆ? ಪೀಣ್ಯದಲ್ಲಿ ನಮ್ಮಣ್ಣನ ಮಗ ಇರುವ ಕಾರ್ಖಾನೆಯಲ್ಲಿ ಒಂದು ಜಾಗ ಇದೆಯಂತೆ. ನೀವು ಹೇಳಿದರೆ ಹೋದಾನು.”

ಆಗಲಿ, ಹೇಳಿ ನೋಡುವೆವು ಎಂದು ಆಕೆಯನ್ನು ಕಳುಹಿಸಿದೆವು. ಆದರೆ ಹೇಳುವುದಕ್ಕೆ ಮುಂಚೆ ಆ ಕಸುಬು ಎಂಥದೆಂಬುದನ್ನು ನಾವೇ ಅರಿಯಬೇಕಾಗಿತ್ತು. ಜನಾಭಿಪ್ರಾಯವನ್ನು ತೂಗಿ ಹೇಳುವ ಈ ವೃತ್ತಿಯು ನಮ್ಮ ವಾಚಕರಿಗೆ ಪತ್ರಿಕೆಗಳಿಂದಲೂ ದೂರದರ್ಶನದಿಂದಲೂ ಪರಿಚಿತವಾದುದೇ ಸರಿ. ಚುನಾವಣೆ ಬಂತೆಂದರೆ ಯಾವ ಪಕ್ಷಕ್ಕೆ ಎಷ್ಟು ಸ್ಥಾನವೆಂಬ ಅಂಕಿಗಳು ಮನೆಯೊಳಕ್ಕೆ ಸುರಿಯುತ್ತವೆ. ನಾವೂ ಊಟದ ನಡುವೆ ಕೈ ನಿಲ್ಲಿಸಿ ಅವನ್ನು ಕೇಳುತ್ತೇವೆ. ಆದರೆ ಆ ಅಂಕಿಗಳು ಯಾವ ಕಾಲಿನ ಧೂಳಿನಿಂದ ಹುಟ್ಟಿದುವೆಂದು ವಿಚಾರಿಸಿದವರು ಕಡಮೆ. ನಮ್ಮ ಶಿಷ್ಯನು ಆ ಧೂಳಿನಲ್ಲಿ ಹನ್ನೆರಡು ವರುಷ ನಡೆದವನು. ಮೊದಲು ದಿನಗೂಲಿಗೆ ಪ್ರಶ್ನೆ ಕೇಳುವವನಾಗಿದ್ದು, ಈಗ ಹತ್ತಾರು ಹುಡುಗ ಹುಡುಗಿಯರನ್ನು ಊರೂರಿಗೆ ಕಳುಹಿಸುವವನಾಗಿದ್ದಾನೆ. ನಡುನಡುವೆ ರಾಜಕೀಯದ ಮೇಲೆ ಲೇಖನಗಳನ್ನೂ ಬರೆಯುತ್ತಾನೆ. ಅವುಗಳಲ್ಲಿ ವ್ಯಾಕರಣದೋಷಗಳು ಈಗಲೂ ಉಂಟು.

ಲೋಕಾಭಿಪ್ರಾಯವನ್ನು ತಿಳಿಯಬೇಕೆಂಬ ಚಪಲ ಪ್ರಭುಗಳಿಗೆ ಹೊಸದಲ್ಲ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಇದಕ್ಕೊಂದು ವಿಧಾನವೇ ಹೇಳಿದೆ. ಗೂಢಚಾರರು ತೀರ್ಥಸ್ಥಾನಗಳಲ್ಲಿಯೂ ಸಭೆಗಳಲ್ಲಿಯೂ ಜನ ನೆರೆಯುವ ಕಡೆಗಳಲ್ಲಿಯೂ ಎರಡು ಪಂಗಡವಾಗಿ ನಿಂತು, ಒಬ್ಬನು ರಾಜನನ್ನು ಹಳಿಯುತ್ತಲೂ ಮತ್ತೊಬ್ಬನು ಹೊಗಳುತ್ತಲೂ ವಾದ ಹೂಡಿ, ಸುತ್ತಲಿನವರ ಮನಸ್ಸನ್ನು ಅರಿಯಬೇಕಂತೆ. ಭವಭೂತಿಯ ಉತ್ತರರಾಮಚರಿತದಲ್ಲಿ ಪೌರರ ಮಾತನ್ನು ಶ್ರೀರಾಮನ ಕಿವಿಗೆ ತಲುಪಿಸುವ ಚಾರನಿಗೆ ದುರ್ಮುಖನೆಂದು ಹೆಸರು. ಜನರ ಮಾತನ್ನು ಇದ್ದಂತೆ ತಂದು ಹೇಳುವವನಿಗೆ ಕವಿಯು ಎಂಥ ಹೆಸರಿಟ್ಟನೆಂಬುದನ್ನು ಗಮನಿಸಬಹುದು. ಇನ್ನು ಜನರ ಬಾಯಲ್ಲಿರುವ ಕಥೆಯಲ್ಲಿ ಒಬ್ಬ ಅಗಸನ ಮಾತಿನಿಂದ ಸೀತಾದೇವಿಗೆ ವನವಾಸವಾಯಿತಷ್ಟೆ. ಅಯೋಧ್ಯೆಯಲ್ಲಿ ಮಿಕ್ಕವರೇನೆನ್ನುತ್ತಿದ್ದರು, ಆ ಅಗಸನ ಹೆಂಡತಿಯೇ ಏನೆನ್ನುತ್ತಿದ್ದಳು ಎಂದು ಕೇಳಿಕೊಂಡು ಬಂದವರಿಲ್ಲ. ತರಗತಿಯಲ್ಲಿ ಈ ಪ್ರಸಂಗವನ್ನು ಹೇಳುವಾಗ ಈ ಪ್ರಶ್ನೆ ನಮಗೆ ಒಮ್ಮೆಯೂ ತೋರದೆ ಹೋದುದು ಆಶ್ಚರ್ಯ.

ಈಗಿನ ವಿಧಾನವು ನಮ್ಮ ಶಾಸ್ತ್ರಕಾರರ ಸ್ಥಾಲೀಪುಲಾಕನ್ಯಾಯಕ್ಕಿಂತ ಬೇರೆಯಲ್ಲ. ಅನ್ನ ಬೆಂದಿತೋ ಇಲ್ಲವೋ ಎಂಬುದನ್ನು ತಿಳಿಯಲು ಯಾವ ಗೃಹಿಣಿಯೂ ಪಾತ್ರೆಯ ಅನ್ನವನ್ನೆಲ್ಲ ಹಿಚುಕುವುದಿಲ್ಲ. ಒಂದಗುಳನ್ನು ತೆಗೆದು ಬೆರಳಿನಿಂದ ಒತ್ತಿ ನೋಡುವಳು. ಹಾಗೆಯೇ ಸಾವಿರ ಜನರನ್ನು ಕ್ರಮವರಿತು ಆರಿಸಿ ಕೇಳಿದರೆ ಕೋಟಿ ಜನರ ಒಲವನ್ನು ಶೇಕಡಾ ಮೂರರಷ್ಟು ಹೆಚ್ಚುಕಡಮೆಯಲ್ಲಿ ಹೇಳಬಹುದೆಂದು ಗಣಿತಜ್ಞರು ತೋರಿಸಿದ್ದಾರೆ. ಆ ಮೂರನ್ನು ಒಂದೂವರೆಗೆ ಇಳಿಸಬೇಕಾದರೆ ಸಾವಿರಕ್ಕೆ ಬದಲಾಗಿ ನಾಲ್ಕು ಸಾವಿರ ಜನರನ್ನು ಕೇಳಬೇಕು. ಪಾತ್ರೆಯು ಎಷ್ಟು ದೊಡ್ಡದೆಂಬುದು ಇಲ್ಲಿ ಮುಖ್ಯವಲ್ಲ. ಅಗುಳನ್ನು ಹೇಗೆ ಆರಿಸಿದರೆಂಬುದೇ ಮುಖ್ಯ.

ಇದನ್ನು ಲೋಕವು ಅರಿತುದು ಒಂದು ದೊಡ್ಡ ಮುಖಭಂಗದಿಂದ. 1936ರಲ್ಲಿ ಅಮೆರಿಕದ ಲಿಟರರಿ ಡೈಜೆಸ್ಟ್ ಎಂಬ ಪತ್ರಿಕೆಯು ಅಧ್ಯಕ್ಷರ ಚುನಾವಣೆಯ ವಿಷಯವಾಗಿ ಸುಮಾರು ಒಂದು ಕೋಟಿ ಕಾರ್ಡುಗಳನ್ನು ಅಂಚೆಯಲ್ಲಿ ಕಳುಹಿಸಿತು. 23 ಲಕ್ಷಕ್ಕೂ ಹೆಚ್ಚು ಉತ್ತರಗಳು ಬಂದುವು. ಅವುಗಳನ್ನು ಎಣಿಸಿ, ಲ್ಯಾಂಡನ್ ಎಂಬವರು ಗೆಲ್ಲುವರೆಂದು ಪತ್ರಿಕೆಯು ಸಾರಿತು. ಗೆದ್ದವರು ರೂಸ್‌ವೆಲ್ಟರು, ಅದೂ 48 ಸಂಸ್ಥಾನಗಳಲ್ಲಿ 46ನ್ನು! ಕಾರಣವೇನೆಂದರೆ, ಆ ಕಾರ್ಡುಗಳ ವಿಳಾಸಗಳನ್ನು ಹೆಚ್ಚಾಗಿ ಟೆಲಿಫೋನು ಮೋಟಾರು ಉಳ್ಳವರ ಪಟ್ಟಿಗಳಿಂದ ತೆಗೆದಿದ್ದರು. ಮೇಲೆ ತೇಲುವ ಅಗುಳುಗಳನ್ನು ಎಷ್ಟು ಲಕ್ಷ ಹಿಚುಕಿದರೂ ತಳದ ಅಕ್ಕಿಯ ವಿಚಾರ ತಿಳಿಯದು. ಅದಕ್ಕಿಂತ ಎಷ್ಟೋ ಕಡಮೆ ಜನರನ್ನು ಕೇಳಿದ ಜಾರ್ಜ್ ಗ್ಯಾಲಪ್ ಎಂಬ ತರುಣರು ಸರಿಯಾಗಿ ಹೇಳಿದರು. ಈ ವೃತ್ತಿಗೆ ಅವರ ಹೆಸರೇ ಹೆಸರಾಯಿತು. ಅದೇ ಗ್ಯಾಲಪ್ಪರು 1948ರಲ್ಲಿ ಟ್ರೂಮನ್ ಸೋಲುವರೆಂದು ಹೇಳಿ ತಾವೇ ಮುಖಭಂಗವನ್ನು ಅನುಭವಿಸಿದರು. ಮತದಾನಕ್ಕೆ ವಾರಗಳು ಉಳಿದಿರುವಾಗಲೇ ಕೇಳುವುದನ್ನು ನಿಲ್ಲಿಸಿದ್ದುದು ಅವರ ತಪ್ಪುಗಳಲ್ಲಿ ಒಂದು. ಒಲೆಯ ಮೇಲಿನ ಪಾತ್ರೆಯು ನೋಡುವವನು ಎದ್ದುಹೋದನೆಂದು ಬೇಯುವುದನ್ನು ನಿಲ್ಲಿಸುವುದಿಲ್ಲವಷ್ಟೆ.

ನಮ್ಮ ಮಾದನಾಯಕನಹಳ್ಳಿಯನ್ನೇ ನೋಡಬಹುದು. ತುಮಕೂರು ರಸ್ತೆಯಲ್ಲಿ ಪೀಣ್ಯವನ್ನು ದಾಟಿ ನೆಲಮಂಗಲದ ಕಡೆಗೆ ಹೋಗುವಾಗ ಸಿಕ್ಕುವ ಊರಿದು. ನಾವು ಇಲ್ಲಿ ಮನೆ ಮಾಡಿದಾಗ ಸುತ್ತ ರಾಗಿಯ ಹೊಲಗಳಿದ್ದುವು. ಈಗ ಉಗ್ರಾಣಗಳು, ಲಾರಿಗಳು, ಒಂದರ ಮೇಲೊಂದು ಎದ್ದ ಬಾಡಿಗೆಯ ಕೋಣೆಗಳು. 2024ರ ನವೆಂಬರಿನಲ್ಲಿ ಮೆಟ್ರೋ ರೈಲು ನಾಗಸಂದ್ರದಿಂದ ಮುಂದೆ ಮಾದಾವರದವರೆಗೂ ಬಂದ ಮೇಲೆ ಇನ್ನಷ್ಟು ಜನ ಬಂದರು. ಹಳೆಯ ಒಕ್ಕಲು ಮನೆತನಗಳು ಒಂದು ಕಡೆ. ರಾಯಚೂರು ಕಲಬುರಗಿಗಳಿಂದ ದುಡಿಯಲು ಬಂದವರು ಇನ್ನೊಂದು ಕಡೆ. ಒಡಿಶಾ ಬಿಹಾರಗಳಿಂದ ಬಂದ ತರುಣರು ಮತ್ತೊಂದು ಕಡೆ. ಇವರಲ್ಲಿ ಎಷ್ಟೋ ಮಂದಿಯ ಮತವು ಇನ್ನೂ ಅವರ ಹುಟ್ಟೂರಿನ ಪಟ್ಟಿಯಲ್ಲಿಯೇ ಇದೆ. ಬಹುಮಹಡಿಯ ಮನೆಗಳ ಕಾವಲುಗಾರನು ಅಪರಿಚಿತರನ್ನು ಒಳಗೆ ಬಿಡುವುದಿಲ್ಲ. ಹಗಲು ಹನ್ನೊಂದು ಗಂಟೆಗೆ ಬಾಗಿಲು ತಟ್ಟಿದರೆ ಸಿಕ್ಕುವವರು ನಮ್ಮಂಥ ನಿವೃತ್ತರು ಮಾತ್ರ. ಅವರು ಒಂದು ಪ್ರಶ್ನೆಗೆ ಒಂದು ಗಂಟೆ ಉತ್ತರ ಹೇಳುತ್ತಾರೆ. ರಾತ್ರಿ ಪಾಳಿ ಮುಗಿಸಿ ಮಲಗಿದವನನ್ನೂ, ಬೆಳಿಗ್ಗೆ ಏಳಕ್ಕೆ ಗಾರ್ಮೆಂಟು ಕಾರ್ಖಾನೆಯ ಬಸ್ಸು ಹತ್ತಿದವಳನ್ನೂ ಕಂಡು ಮಾತನಾಡಿಸುವುದೇ ಕಷ್ಟ. ಈ ಪಾತ್ರೆಯನ್ನು ಯಾರೂ ಸೌಟು ಹಾಕಿ ಕದಡಿಲ್ಲ.

ಇದಕ್ಕೆ ಪರಿಹಾರವಾಗಿ ನಿಷ್ಠರಾದ ಸಮೀಕ್ಷಕರು ಬೀದಿಯಲ್ಲಿ ಸಿಕ್ಕಿದವರನ್ನು ಕೇಳುವುದಿಲ್ಲ. ಮತದಾರರ ಪಟ್ಟಿಯಿಂದ ಇಷ್ಟಿಷ್ಟು ಅಂತರಕ್ಕೆ ಒಂದೊಂದರಂತೆ ಹೆಸರನ್ನು ಎತ್ತಿ, ಆ ಹೆಸರಿನವರನ್ನೇ ಹುಡುಕಿಕೊಂಡು ಹೋಗುತ್ತಾರೆ. ಅವರು ಮನೆಯಲ್ಲಿಲ್ಲದಿದ್ದರೆ ಮತ್ತೆ ಬರಬೇಕು. ಗಂಡನೋ ಮಾವನೋ ಬದಲು ಉತ್ತರ ಹೇಳಿದರೆ ಅದು ಲೆಕ್ಕಕ್ಕಿಲ್ಲ. ಯಾರಿಗೆ ಮತವೆಂಬುದನ್ನು ಬಾಯಿಬಿಟ್ಟು ಹೇಳಿಸದೆ, ಚಿಹ್ನೆಗಳುಳ್ಳ ಒಂದು ಚೀಟಿಯನ್ನು ಕೊಟ್ಟು, ಗುರುತು ಹಾಕಿ ಮಡಚಿ ಪೆಟ್ಟಿಗೆಯೊಳಕ್ಕೆ ಹಾಕಿಸುವ ಕ್ರಮವೂ ಉಂಟು. ಮತಗಟ್ಟೆಯ ಅಧಿಕಾರಿಯಾಗಿ ಕುಳಿತು ಬಂದ ನಮಗೆ ಈ ಚೀಟಿಯ ಸಂಗತಿಯು ಬಹಳ ಹಿಡಿಸಿತು. ಮೊದಮೊದಲು ಕಾಗದದ ಮತಪತ್ರಗಳನ್ನೂ ಆಮೇಲೆ ಯಂತ್ರವನ್ನೂ ಹೊತ್ತು, ಮೂವತ್ತು ವರುಷ ಹಳ್ಳಿಯ ಶಾಲೆಗಳಲ್ಲಿ ರಾತ್ರಿ ಮಲಗಿ ಚುನಾವಣೆ ನಡೆಸಿದ ಉಪಾಧ್ಯಾಯರು ನಾವು. ಮತದ ಗುಟ್ಟನ್ನು ಕಾಯುವುದು ನಮಗೆ ಕಾನೂನಿನ ಕಟ್ಟಳೆಯಾಗಿತ್ತು. ಇವರಿಗೋ, ಅದೇ ಗುಟ್ಟನ್ನು ಮರ್ಯಾದೆಯಿಂದ ಕೇಳುವುದು ಕಸುಬು.

ಇಷ್ಟೆಲ್ಲ ಮಾಡಿ ಮತಗಳ ಪ್ರಮಾಣವನ್ನು ಸರಿಯಾಗಿ ತಿಳಿದರೂ ಸ್ಥಾನಗಳ ಲೆಕ್ಕವು ಬೇರೆಯೇ ಉಳಿಯುತ್ತದೆ. ಇದನ್ನು ನಮ್ಮ ಶಿಷ್ಯನು ನಮಗೆ ಬಿಡಿಸಿ ತೋರಿಸಿದಾಗ ನಾವು ನಿಜವಾಗಿಯೂ ಬೆರಗಾದೆವು. 2008ರಲ್ಲಿ ನಮ್ಮ ವಿಧಾನಸಭೆಗೆ ನಡೆದ ಚುನಾವಣೆಯಲ್ಲಿ ಕಾಂಗ್ರೆಸ್ಸಿಗೆ ಶೇಕಡಾ 35ರ ಸಮೀಪ ಮತಗಳು, ಭಾರತೀಯ ಜನತಾ ಪಕ್ಷಕ್ಕೆ 34ರ ಸಮೀಪ. ಆದರೆ ಸ್ಥಾನಗಳು ಕಾಂಗ್ರೆಸ್ಸಿಗೆ 80, ಭಾಜಪಕ್ಕೆ 110. 2018ರಲ್ಲಿಯೂ ಹಾಗೆಯೇ: ಕಾಂಗ್ರೆಸ್ಸಿಗೆ 38, ಭಾಜಪಕ್ಕೆ 36, ಸ್ಥಾನಗಳಾದರೋ, ಮುಂದೂಡಿದ್ದ ಎರಡು ಕ್ಷೇತ್ರಗಳು ಸೇರಿಯೂ ಕಾಂಗ್ರೆಸ್ಸಿಗೆ 80, ಭಾಜಪಕ್ಕೆ 104. ಇನ್ನು 2023ರಲ್ಲಿ ಭಾಜಪದ ಮತಪ್ರಮಾಣವು ಅದೇ 36ರಲ್ಲಿ ನಿಂತಿತು. ಸ್ಥಾನಗಳು ಮಾತ್ರ 104ರಿಂದ 66ಕ್ಕೆ ಇಳಿದುವು! ಜನತಾದಳದಿಂದ ಜಾರಿದ ಮತಗಳೂ ಇತರರಿಂದ ಜಾರಿದುವೂ ಕಾಂಗ್ರೆಸ್ಸಿನ ಕಡೆ ಕೂಡಿಕೊಂಡು ಅದರ ಪ್ರಮಾಣವು 43ರ ಸಮೀಪಕ್ಕೆ ಏರಿ, 224ರಲ್ಲಿ 135 ಸ್ಥಾನಗಳು ಅದಕ್ಕೆ ದೊರೆತುವು. ನೂರರಲ್ಲಿ ಎರಡು ಮೂರು ಮತಗಳು ಎಲ್ಲಿ ಕೂಡಿದುವು, ಎಲ್ಲಿ ಚದುರಿದುವು ಎಂಬುದರ ಮೇಲೆ ಸರಕಾರವೇ ನಿಂತಿದೆ. ಆ ಎರಡು ಮೂರೇ ಸಮೀಕ್ಷಕನ ತಕ್ಕಡಿಯ ಮುಳ್ಳು ಅಲ್ಲಾಡುವ ಅಳತೆ.

ಸಾಲದುದಕ್ಕೆ ನಮ್ಮ ಮತದಾರನು ಒಂದೇ ಮನಸ್ಸಿನವನಲ್ಲ. 1984ರ ಡಿಸೆಂಬರಿನಲ್ಲಿ ಲೋಕಸಭೆಗೆ ಕರ್ನಾಟಕದ 28ರಲ್ಲಿ 24 ಸ್ಥಾನಗಳನ್ನು ಕಾಂಗ್ರೆಸ್ಸಿಗೆ ಕೊಟ್ಟ ಜನವೇ, ಮೂರು ತಿಂಗಳು ಕಳೆಯುವಷ್ಟರಲ್ಲಿ, 1985ರ ಮಾರ್ಚಿಯಲ್ಲಿ ರಾಮಕೃಷ್ಣ ಹೆಗಡೆಯವರ ಜನತಾ ಪಕ್ಷಕ್ಕೆ ವಿಧಾನಸಭೆಯಲ್ಲಿ 139 ಸ್ಥಾನಗಳನ್ನು ಕೊಟ್ಟಿತು. ಆಗ ನಾವು ಇಪ್ಪತ್ತರ ಪ್ರಾಯದವರು. ಹಿರಿಯರು ಅರಳಿಯ ಕಟ್ಟೆಯ ಮೇಲೆ ಕುಳಿತು, ಡೆಲ್ಲಿಗೆ ಒಂದು ಇಲ್ಲಿಗೆ ಒಂದು ಎಂದು ಸಹಜವಾಗಿ ಹೇಳುತ್ತಿದ್ದರು. 2023ರಲ್ಲಿ ಕಾಂಗ್ರೆಸ್ಸಿಗೆ 135ನ್ನು ಕೊಟ್ಟ ಮೇಲೆ 2024ರಲ್ಲಿ ಲೋಕಸಭೆಗೆ ಭಾಜಪದವರು 17, ಜನತಾದಳದವರು ಇಬ್ಬರು, ಕಾಂಗ್ರೆಸ್ಸಿನವರು 9 ಮಂದಿ ಆರಿಸಿ ಬಂದುದೂ ಅದೇ ಪರಿ. ಹೋದ ಸಲ ಹೀಗಿತ್ತು, ಈ ಸಲವೂ ಹೀಗೇ ಎಂದು ಕೋಣೆಯಲ್ಲಿ ಕುಳಿತು ಬರೆಯುವವನು ಇಂಥ ಕಡೆ ಕೆಡುತ್ತಾನೆ.

ಈ ವೃತ್ತಿಯಲ್ಲಿ ಹೆಸರಾದವರ ಚರಿತ್ರೆಗಳನ್ನು ನಮ್ಮ ಶಿಷ್ಯನು ಪುರಾಣ ಹೇಳಿದಂತೆ ಹೇಳುತ್ತಾನೆ. ನಮ್ಮ ದೇಶದಲ್ಲಿ ಇದನ್ನು ಮೊದಲು ನೆಲೆಗೊಳಿಸಿದವರು 1950ರ ದಶಕದಲ್ಲಿ ಲೋಕಾಭಿಪ್ರಾಯದ ಅಧ್ಯಯನಕ್ಕಾಗಿಯೇ ದೆಹಲಿಯಲ್ಲಿ ಒಂದು ಸಂಸ್ಥೆಯನ್ನು ಕಟ್ಟಿದ ಎರಿಕ್ ಡ ಕೋಸ್ಟಾ ಎಂಬ ಅರ್ಥಶಾಸ್ತ್ರಜ್ಞರು. 1980ರ ದಶಕದಲ್ಲಿ ಪ್ರಣಯ್ ರಾಯ್ ಅವರು ಅಶೋಕ ಲಾಹಿರಿ, ಡೇವಿಡ್ ಬಟ್ಲರ್ ಎಂಬವರೊಡಗೂಡಿ, ವಿರೋಧಪಕ್ಷಗಳ ಒಗ್ಗಟ್ಟು ಎಷ್ಟೆಂಬುದಕ್ಕೂ ಒಂದು ಅಳತೆಯನ್ನು ಕಂಡುಹಿಡಿದು, ಇದನ್ನು ಮನೆಮನೆಯ ಮಾತನ್ನಾಗಿ ಮಾಡಿದರು. ದೆಹಲಿಯಲ್ಲಿ ರಜನಿ ಕೊಠಾರಿಯವರು 1963ರಲ್ಲಿ ಸ್ಥಾಪಿಸಿದ ಅಧ್ಯಯನ ಕೇಂದ್ರವು 1960ರ ದಶಕದಲ್ಲಿಯೇ ಮತದಾರರನ್ನು ಕುರಿತ ಸಮೀಕ್ಷೆಗಳನ್ನು ನಡೆಸಿತ್ತು. ಅಲ್ಲಿಯೇ 1990ರ ದಶಕದಲ್ಲಿ ಲೋಕನೀತಿ ಎಂಬ ಶಾಖೆ ಹುಟ್ಟಿತು. ನಮ್ಮ ಬೆಂಗಳೂರಿನಲ್ಲಿ ಬಹುಕಾಲ ರಾಜ್ಯಶಾಸ್ತ್ರದ ಅಧ್ಯಾಪಕರಾಗಿದ್ದ ಸಂದೀಪ್ ಶಾಸ್ತ್ರಿಯವರು ಈ ಲೋಕನೀತಿಯ ರಾಷ್ಟ್ರೀಯ ಸಂಯೋಜಕರಾಗಿ ಕೆಲಸ ಮಾಡಿದವರು. ರಾಜ್ಯಗಳ ಚುನಾವಣಾ ರಾಜಕೀಯವನ್ನು ಕುರಿತು 2009ರಲ್ಲಿ ಹೊರಬಂದ ಒಂದು ದೊಡ್ಡ ಗ್ರಂಥದ ಸಂಪಾದಕರಲ್ಲಿಯೂ ಒಬ್ಬರು. ಪಾಠ ಹೇಳುವುದನ್ನು ಬಿಡದೆ ಈ ಕಸುಬನ್ನು ಮಾಡಿದವರೆಂದು ನಮಗೆ ಅವರಲ್ಲಿ ಸ್ವಲ್ಪ ಪಕ್ಷಪಾತವಿರುವುದು ಸಹಜ.

ಆ ಗ್ರಂಥದ ಇನ್ನೊಬ್ಬ ಸಂಪಾದಕರಾದ ಯೋಗೇಂದ್ರ ಯಾದವರ ಮಾರ್ಗ ಬೇರೆ. ಲೋಕನೀತಿಯನ್ನು ಕಟ್ಟಿದವರಲ್ಲಿ ಪ್ರಮುಖರಾಗಿ, ದೂರದರ್ಶನದ ಮೇಲೆ ವರುಷಾನುಗಟ್ಟಲೆ ಜನಮತವನ್ನು ವಿವರಿಸಿ, 2012ರಲ್ಲಿ ತಾವೇ ಹೊಸ ಪಕ್ಷವೊಂದರೊಳಕ್ಕೆ ನಡೆದರು. 2015ರಲ್ಲಿ ಅದರಿಂದ ಹೊರಬಿದ್ದರು. ಅಳೆಯುವವನು ತಾನೇ ತಕ್ಕಡಿಯಲ್ಲಿ ಕುಳಿತರೆ ಅಳತೆಯ ಗತಿಯೇನು ಎಂಬುದು ನಮ್ಮ ಸಂದೇಹ. ಆದರೆ 2023ರಲ್ಲಿ ನಮ್ಮ ರಾಜ್ಯದಲ್ಲಿಯೇ ನಡೆದ ಒಂದು ಪ್ರಸಂಗವು ಈ ಸಂದೇಹವನ್ನು ಸ್ವಲ್ಪ ಗೊಂದಲಕ್ಕೆ ಹಾಕಿತು. ಈದಿನ ಎಂಬ ಕನ್ನಡ ಸುದ್ದಿಸಂಸ್ಥೆಯು ಅವರ ಸಲಹೆಯನ್ನೂ ಪಡೆದು, ಹಣಕ್ಕೆ ಹಿಡಿದ ಕಂಪನಿಯನ್ನು ನೆಚ್ಚದೆ, ಊರೂರಿನ ಸ್ವಯಂಸೇವಕರನ್ನು ತರಬೇತಿಗೊಳಿಸಿ, 204 ಕ್ಷೇತ್ರಗಳಲ್ಲಿ ಸುಮಾರು 41 ಸಾವಿರ ಮತದಾರರನ್ನು ಮನೆಗಳಿಗೆ ಹೋಗಿ ಮಾತನಾಡಿಸಿತು. ಕಾಂಗ್ರೆಸ್ಸಿಗೆ 132ರಿಂದ 140 ಎಂದು ಮತದಾನಕ್ಕೆ ಮುಂಚೆಯೇ ಹೇಳಿತು. ಅತಂತ್ರ ಸಭೆಯ ಮಾತೇ ಎಲ್ಲೆಲ್ಲಿಯೂ ಇದ್ದ ಕಾಲವದು. ಯಾದವರು ಅದೇ ತಾನೆ ಕಾಂಗ್ರೆಸ್ಸಿನವರ ಭಾರತ ಜೋಡೋ ಯಾತ್ರೆಯಲ್ಲಿ ನಡೆದು ಬಂದಿದ್ದರಾದ ಕಾರಣ, ಇದು ಲೆಕ್ಕವಲ್ಲ, ಹಾರೈಕೆ ಎಂದು ನಮ್ಮ ಸಂಜೆಯ ಗೋಷ್ಠಿಯಲ್ಲಿ ನಾವೇ ನಕ್ಕಿದ್ದೆವು. ಮೇ 13ರಂದು ಬಂದ ಅಂಕಿಯನ್ನು ಮೇಲೆಯೇ ಹೇಳಿದ್ದೇವೆ. ಆದರೂ ಮತಪ್ರಮಾಣದಲ್ಲಿ ಅವರು ಭಾಜಪಕ್ಕೆ ಕೊಟ್ಟುದು 33, ಬಂದುದು 36; ಇದನ್ನು ನೆನಪು ಮಾಡಿಕೊಟ್ಟವನು ನಮ್ಮ ಶಿಷ್ಯನೇ.

ಅದೇ ಚುನಾವಣೆಯಲ್ಲಿ ಮತಗಟ್ಟೆಯಿಂದ ಹೊರಬಂದವರನ್ನು ಕೇಳಿ, 122ರಿಂದ 140 ಎಂದು ಸರಿಯಾಗಿ ಹೇಳಿ ಕೀರ್ತಿ ಪಡೆದವರು ಆಕ್ಸಿಸ್ ಮೈ ಇಂಡಿಯಾ ಸಂಸ್ಥೆಯ ಪ್ರದೀಪ್ ಗುಪ್ತ ಅವರು. ಇಂಥ ಮತಗಟ್ಟೆ ಸಮೀಕ್ಷೆಗಳನ್ನು ಕೊನೆಯ ಹಂತದ ಮತದಾನ ಮುಗಿದು ಅರ್ಧ ಗಂಟೆಯಾಗುವವರೆಗೆ ಪ್ರಕಟಿಸಕೂಡದೆಂದು 2009ರಲ್ಲಿ ಕಾಯಿದೆಗೆ ತಿದ್ದುಪಡಿ ಮಾಡಿದ್ದಾರೆ. ಆದುದರಿಂದಲೇ ಕೊನೆಯ ದಿನದ ಸಂಜೆ ಅವೆಲ್ಲವೂ ಒಟ್ಟಿಗೆ ಹಾರುವುದು. 2024ರಲ್ಲಿ ಅವರ ಸಂಸ್ಥೆಯು ಪ್ರಧಾನಮಂತ್ರಿಗಳ ಕೂಟಕ್ಕೆ 361ರಿಂದ 401 ಸ್ಥಾನಗಳೆಂದು ಹೇಳಿತು. ಬಂದುವು 293. ಜೂನ್ 4ರಂದು ಎಣಿಕೆ ನಡೆಯುತ್ತಿದ್ದಂತೆ ಆ ದೊಡ್ಡ ಮನುಷ್ಯರು ದೂರದರ್ಶನದಲ್ಲಿ ದೇಶವೆಲ್ಲ ನೋಡುತ್ತಿರುವಾಗಲೇ ಕಣ್ಣೀರಿಟ್ಟರು. ಆ ಹೊತ್ತಿಗೆ ನಮ್ಮ ಶಿಷ್ಯನು ನಮ್ಮ ಮನೆಯಲ್ಲಿಯೇ ಇದ್ದನು. ಪಕ್ಕದ ಮನೆಯವರು ನಗತೊಡಗಿದರು. ಅವನು ನಗಲಿಲ್ಲ, ಎದ್ದು ಹೊರಗೆ ಹೋಗಿ ಕಟ್ಟೆಯ ಮೇಲೆ ಕುಳಿತನು. ಏಕೆಂಬುದು ಆಗ ನಮಗೆ ತಿಳಿಯಲಿಲ್ಲ.

ತಿಳಿದುದು ಈ ಆಷಾಢದಲ್ಲಿ, ತಾಯಿಯ ಮಾತನ್ನು ಅವನಿಗೆ ಹೇಳಲು ಕರೆಸಿದಾಗ. ಕಾರ್ಖಾನೆಯ ವಿಚಾರವನ್ನು ಎತ್ತಿದೆವು. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, “ಬಿಡುವುದೇ ಸರಿ ಮೇಷ್ಟ್ರೇ. ಆದರೆ ಅಮ್ಮ ಹೇಳುವ ಕಾರಣಕ್ಕಲ್ಲ” ಎಂದನು. ಆಮೇಲೆ 2013ರ ಸಂಗತಿಯನ್ನು ಹೇಳಿದನು.

ಆಗ ಅವನಿಗೆ ಇಪ್ಪತ್ತೊಂದು ವರುಷ. ಒಂದು ಕಂಪನಿಯವರು—ಹೆಸರು ಇಲ್ಲಿ ಬೇಡ—ಭರ್ತಿ ಮಾಡಿದ ಹಾಳೆಯೊಂದಕ್ಕೆ ಇಷ್ಟೆಂದು ಕೂಲಿ ಕೊಡುತ್ತಿದ್ದರು. ನಮ್ಮ ಸುತ್ತಿನ ಹಳ್ಳಿಗಳೇ ಅವನ ಪಾಲಿಗೆ ಬಂದಿದ್ದುವು. ಕೊನೆಯ ದಿನ ಹನ್ನೊಂದು ಹೆಸರುಗಳು ಉಳಿದುವು. ಅವರಲ್ಲಿ ಏಳು ಮಂದಿ ಹೆಂಗಸರು. ಮೂರು ಸಲ ಹೋದರೂ ಬಾಗಿಲಿಗೆ ಬೀಗ. ಮೇಲ್ವಿಚಾರಕನು ಫೋನಿನಲ್ಲಿ, ಸಂಜೆಯೊಳಗೆ ಹಾಳೆಗಳು ಬರದಿದ್ದರೆ ಹಿಂದಿನದಕ್ಕೂ ದುಡ್ಡಿಲ್ಲ, ಹೇಗಾದರೂ ತುಂಬಿಸು ಎಂದನಂತೆ. ಹುಡುಗನು ತುಮಕೂರು ರಸ್ತೆಯ ಒಂದು ಚಹದ ಅಂಗಡಿಯಲ್ಲಿ ಕುಳಿತು ಹನ್ನೊಂದು ಹಾಳೆಗಳನ್ನೂ ತಾನೇ ತುಂಬಿದನು. ಹೆಂಗಸರ ಹಾಳೆಗಳಲ್ಲಿ, ಗಂಡಂದಿರು ಏನು ಹೇಳಿದ್ದರೋ ಅದನ್ನೇ ಬರೆದನು.

“ಅದು ಹೋಗಲಿ ಮೇಷ್ಟ್ರೇ. ಫಲಿತಾಂಶ ಬಂತು, ಕಂಪನಿಯ ಲೆಕ್ಕ ಸರಿಯಾಯಿತು! ನಮಗೆಲ್ಲ ಸಿಹಿ ಹಂಚಿದರು. ತಪ್ಪಾಗಿದ್ದರೆ ಯಾರಾದರೂ ಬಂದು ಕೇಳುತ್ತಿದ್ದರು. ಸರಿಯಾದುದರಿಂದ ಯಾರೂ ಕೇಳಲಿಲ್ಲ. ಆ ವರುಷದಿಂದಲೇ ನನಗೆ ಬಡ್ತಿಯೂ ಬಂತು. ಈಗ ಹುಡುಗರು ಫೋನಿನಲ್ಲೇ ತುಂಬುತ್ತಾರೆ; ಯಾವ ಜಾಗದಲ್ಲಿ ನಿಂತು ತುಂಬಿದರೆಂದು ಅದೇ ಗುರುತಿಟ್ಟುಕೊಳ್ಳುತ್ತದೆ. ಅವರಲ್ಲಿ ಯಾರಾದರೂ ಹೀಗೆ ಮಾಡಿದರೆ ನಾನೇ ತೆಗೆದುಹಾಕುತ್ತೇನೆ. ತೆಗೆದುಹಾಕಿಯೂ ಇದ್ದೇನೆ. ಆ ದಿನ ಅವರು ಅತ್ತರಲ್ಲ, ಅವರ ಲೆಕ್ಕ ತಪ್ಪಿತೆಂದು ಅತ್ತರು. ನನ್ನದು ಸರಿಬಂದಿತ್ತು.”

ಘುಣವೆಂಬ ಹುಳು ಮರವನ್ನು ಕೊರೆಯುತ್ತ ಹೋದಾಗ ಅಕಸ್ಮಾತ್ತಾಗಿ ಅಕ್ಷರದ ಆಕಾರ ಮೂಡಿದರೆ ಹುಳುವಿಗೆ ಓದು ಬರಹ ಬರುವುದೆಂದು ಯಾರೂ ಹೇಳುವುದಿಲ್ಲ. ಘುಣಾಕ್ಷರನ್ಯಾಯವೆಂದು ಇದಕ್ಕೆ ಹೆಸರು. ನಮಗೆ ಆ ಗಳಿಗೆಯಲ್ಲಿ ಅದೇ ನೆನಪಿಗೆ ಬಂತಾದರೂ ಹೇಳಲಿಲ್ಲ. ಇದೇ ಹುಡುಗನು ಏಳನೆಯ ತರಗತಿಯಲ್ಲಿ ಒಂದು ಲೆಕ್ಕಕ್ಕೆ ಕ್ರಮವನ್ನು ಬರೆಯದೆ ಉತ್ತರವನ್ನು ಮಾತ್ರ ಸರಿಯಾಗಿ ಬರೆದಿದ್ದನು. ನಾವು ಸೊನ್ನೆ ಹಾಕಿದ್ದೆವು. ಉತ್ತರ ಸರಿಯಿದೆಯಲ್ಲ ಮೇಷ್ಟ್ರೇ ಎಂದು ಅತ್ತಿದ್ದನು. ಆ ಸೊನ್ನೆಯು ಅವನಿಗೂ ನೆನಪಿತ್ತೆಂದು ಅವನ ಮುಖದಿಂದ ತಿಳಿಯಿತು. ಹನ್ನೆರಡು ವರುಷದ ಹಳೆಯ ಮಾತು, ಹನ್ನೊಂದೇ ಹಾಳೆ, ಬಿಡಪ್ಪ ಎನ್ನುವ ಮಾತು ನಾಲಿಗೆಯ ತುದಿಯವರೆಗೂ ಬಂದಿತ್ತು. ಎಂದಿದ್ದರೆ ಅವನು ಇನ್ನೆಂದೂ ನಮ್ಮಲ್ಲಿಗೆ ಬರುತ್ತಿರಲಿಲ್ಲವೆಂದು ಈಗ ತೋರುತ್ತದೆ.

“ಆ ಹೆಸರುಗಳು ನೆನಪಿವೆಯೆ?” ಎಂದು ಕೇಳಿದೆವು. ಹನ್ನೊಂದೂ ಬಾಯಿಗೆ ಬರುತ್ತವೆ ಎಂದನು. “ಹಾಗಾದರೆ ಕೆಲಸ ಬಿಡುವುದನ್ನು ಆಮೇಲೆ ನೋಡೋಣ. ಮೊದಲು ಹೋಗಿ ಅವರನ್ನು ಕಂಡು ಬಾ” ಎಂದೆವು. ಇದರಿಂದ ಏನು ಪ್ರಯೋಜನವೆಂದು ಅವನು ಕೇಳಲಿಲ್ಲ. ಕೇಳಿದ್ದರೆ ನಮ್ಮಲ್ಲಿ ಉತ್ತರವೂ ಇರಲಿಲ್ಲ.

ಹದಿನೈದು ದಿನಗಳಾದ ಮೇಲೆ ಬಂದನು. ಮೂರು ಮನೆಗಳೇ ಇರಲಿಲ್ಲವಂತೆ. ಆ ಜಾಗದಲ್ಲಿ ಉಗ್ರಾಣವೊಂದು ಎದ್ದಿತ್ತು. ಎರಡು ಸಂಸಾರಗಳು ಊರು ಬಿಟ್ಟಿದ್ದುವು. ಒಬ್ಬಾಕೆ ತೀರಿಹೋಗಿದ್ದಳು. ಉಳಿದ ಐವರಲ್ಲಿ ಮೂವರಿಗೆ 2013ರಲ್ಲಿ ಯಾರಿಗೆ ಮತ ಹಾಕಿದರೆಂಬುದೇ ನೆನಪಿರಲಿಲ್ಲ. ಒಬ್ಬನು ಬಾಗಿಲು ಹಾಕಿಕೊಂಡನು. ಐದನೆಯಾಕೆ ಗಾರ್ಮೆಂಟು ಕಾರ್ಖಾನೆಯಲ್ಲಿ ದುಡಿದು ಈಗ ಮನೆಯಲ್ಲಿರುವವರು. ಅವರು ಇವನನ್ನು ಕೂರಿಸಿ, ಚಹ ಕೊಟ್ಟು, ಕಥೆಯನ್ನೆಲ್ಲ ಕೇಳಿ ಬಹಳ ಹೊತ್ತು ನಕ್ಕರಂತೆ.

“ನಮ್ಮ ಯಜಮಾನರ ಪಕ್ಷವನ್ನೇ ನನಗೂ ಬರೆದೆಯಾ? ನಾನು ಹಾಕಿದ್ದು ಬೇರೆ. ಅದಕ್ಕೇಕೆ ಅಳುಮುಖ ಮಾಡುತ್ತೀಯಪ್ಪ? ಆವತ್ತು ನೀನು ಬಂದು ಕೇಳಿದ್ದರೂ ಇದನ್ನೇ ಹೇಳುತ್ತಿದ್ದೆ. ಅವರು ಪಕ್ಕದಲ್ಲೇ ಕೂತಿರುತ್ತಿದ್ದರಲ್ಲ” ಎಂದರಂತೆ.

ಈ ಮಾತು ಅವನನ್ನು ಕಾರ್ಖಾನೆಗೆ ಹೋಗದಂತೆ ತಡೆಯಿತೆಂದು ನಾವು ಊಹಿಸುತ್ತೇವೆ; ಅವನೇನೂ ಹೇಳಲಿಲ್ಲ. ತಾಯಿಗೆ ಇನ್ನೂ ಸಮಾಧಾನವಿಲ್ಲ. ಆಕೆಗೆ ನಿಂಬೆಯ ಹಣ್ಣುಗಳ ಋಣ ನಮ್ಮ ಮೇಲೆ ಹಾಗೆಯೇ ಉಳಿದಿದೆ.

ಮೊನ್ನೆ ಒಂದು ಬೆಳಿಗ್ಗೆ ಅವನ ತಂಡದ ಹುಡುಗಿಯೊಬ್ಬಳು ಕೊರಳಲ್ಲಿ ಗುರುತಿನ ಚೀಟಿಯನ್ನು ಹಾಕಿಕೊಂಡು ನಮ್ಮ ಬಾಗಿಲಿಗೆ ಬಂದಳು. ತಾನು ಪರಿಚಿತನೆಂದು ಅವನು ಬೀದಿಯ ತಿರುವಿನಲ್ಲಿಯೇ ದೂರ ನಿಂತಿದ್ದನು. ಹುಡುಗಿಯು ಮುಂದಿನ ಚುನಾವಣೆಯ ಮಾತೆತ್ತಿದೊಡನೆ ನಾವು ಕನ್ನಡಕವನ್ನು ಸರಿಪಡಿಸಿಕೊಂಡು, “ಕೇಳಮ್ಮ, ಈ ರಾಜ್ಯದ ರಾಜಕಾರಣವನ್ನು 1978ರಿಂದ ನೋಡಿದರೆ—” ಎಂದು ಆರಂಭಿಸಿದೆವು.

“ಕ್ಷಮಿಸಿ ಸರ್, ಪಟ್ಟಿಯಲ್ಲಿ ಬಂದಿರುವ ಹೆಸರು ಅಮ್ಮನವರದು. ಅವರೊಬ್ಬರನ್ನೇ ಕೇಳಬೇಕು. ನೀವು ಸ್ವಲ್ಪ ಒಳಗೆ ಕೂತಿರಬಹುದೆ?” ಎಂದಳು.

ಒಳಗೆ ಹೋಗಿ ಕುಳಿತೆವು. ಅಡುಗೆಮನೆಯಲ್ಲಿ ಕುಕ್ಕರು ಎರಡು ಸಲ ಕೂಗಿತು; ಅದನ್ನು ಆರಿಸುವ ಕೆಲಸವೂ ನಮ್ಮದಾಯಿತು. ಹೊರಗೆ ಇಪ್ಪತ್ತೈದು ನಿಮಿಷ ಮಾತು ನಡೆಯಿತು. ನಡುವೆ ಒಮ್ಮೆ ಇಬ್ಬರೂ ನಕ್ಕುದು ಕೇಳಿಸಿತು. ಮೂವತ್ತೈದು ವರುಷದ ಸಂಸಾರದಲ್ಲಿ ನಮ್ಮ ಮನೆಯ ಎರಡು ಮತಗಳೂ ಒಂದೇ ಕಡೆಗೆಂದು ನಾವು ಎಲ್ಲರಿಗೂ ಹೇಳಿಕೊಂಡು ಬಂದವರು. ಈಗ ಯೋಚಿಸಿದರೆ, ಆಕೆಯನ್ನು ಒಮ್ಮೆಯೂ ಕೇಳಿದುದಿಲ್ಲ.

ರಾತ್ರಿ ಊಟವಾದ ಮೇಲೆ ಮೆಲ್ಲನೆ ಕೇಳಿದೆವು. ಗೃಹಿಣಿಯು ಹಾಲಿಗೆ ಹೆಪ್ಪು ಹಾಕುತ್ತ, “ಗುಟ್ಟು ಕಾಯುವುದಕ್ಕೆ ಸರಕಾರದವರು ನಿಮ್ಮನ್ನೇ ಮೂವತ್ತು ವರುಷ ಕಳುಹಿಸಿದ್ದರಲ್ಲ” ಎಂದು ಹೇಳಿ, ತಟ್ಟೆಯನ್ನು ಮುಚ್ಚಿದರು.